ಲಾರಿ ಚಾಲಕನ ನಿದ್ರೆಯೂ ಕಾಯಿದೆಯ ಗಡಿಯಾರವೂ

ಯಂತ್ರ ದಣಿದರೆ ತಾನೇ ತಿಳಿಸುತ್ತದೆ. ಎಂಜಿನ್ನಿನ ನೀರು ಕುದಿಯುತ್ತದೆ. ಎಣ್ಣೆ ತೀರಿದರೆ ಬಂಡಿ ನಿಂತೇ ಬಿಡುತ್ತದೆ. ಅದನ್ನು ನಡೆಸುವ ಮನುಷ್ಯನ ದಣಿವಿಗೆ ಅಂಥ ಸೂಚಕವಿಲ್ಲ. ನಿದ್ದೆಗೆ ಜಾರುತ್ತಿರುವವನಿಗೆ ತಾನು ಜಾರುತ್ತಿರುವೆನೆಂಬ ಅರಿವು ಸರಿಯಾಗಿ ಇರುವುದಿಲ್ಲ. ಗಂಟೆಗೆ 80 ಕಿಲೋಮೀಟರ್ ವೇಗದ ಲಾರಿ ಒಂದು ಸೆಕೆಂಡಿನಲ್ಲಿ 22 ಮೀಟರ್ ಸಾಗುತ್ತದೆ. ಚಾಲಕನ ರೆಪ್ಪೆ ನಾಲ್ಕೇ ಸೆಕೆಂಡು ಮುಚ್ಚಿದರೂ ಆ ಭಾರವೆಲ್ಲ ಸುಮಾರು 90 ಮೀಟರ್ ದೂರವನ್ನು ಕುರುಡಾಗಿ ಕ್ರಮಿಸಿರುತ್ತದೆ. ಆದುದರಿಂದ ಚಾಲಕನು ಯಾವಾಗ ವಿರಮಿಸಬೇಕು ಎಂಬುದು ಅವನೊಬ್ಬನ ವಿಷಯವಲ್ಲ. ರಸ್ತೆಯನ್ನು ಬಳಸುವ ನಮ್ಮೆಲ್ಲರ ವಿಷಯ.

ಇದನ್ನು ಮೊದಲೇ ಮನಗಂಡು ನಿಯಮಗಳನ್ನು ರಚಿಸಿದ ದೇಶಗಳಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನವೂ ಒಂದು. ಅಲ್ಲಿ ಸರಕಿನ ಲಾರಿಯ ಚಾಲಕನು ಸತತವಾಗಿ 10 ಗಂಟೆ ಬಿಡುವು ಪಡೆದ ಮೇಲೆ 11 ಗಂಟೆಗಳವರೆಗೆ ಲಾರಿ ನಡೆಸಬಹುದು. ಆದರೆ ಅದೆಲ್ಲವೂ ಕೆಲಸಕ್ಕಿಳಿದ ಕ್ಷಣದಿಂದ 14 ಗಂಟೆಗಳೊಳಗೆ ಮುಗಿಯಬೇಕು. ಎಂಟು ಗಂಟೆ ನಡೆಸಿದ ಮೇಲೆ 30 ನಿಮಿಷ ಚಾಲನೆಯನ್ನು ನಿಲ್ಲಿಸಬೇಕು. ಏಳು ದಿನಗಳಲ್ಲಿ 60 ಗಂಟೆ, ಇಲ್ಲವೆ ಎಂಟು ದಿನಗಳಲ್ಲಿ 70 ಗಂಟೆ ದುಡಿದ ಮೇಲೆ ಲಾರಿ ನಡೆಸುವಂತಿಲ್ಲ. 2017ರ ಡಿಸೆಂಬರಿನಿಂದ ದೂರಪ್ರಯಾಣದ ಹೆಚ್ಚಿನ ಲಾರಿಗಳಲ್ಲಿ ಎಂಜಿನ್ನಿಗೆ ಜೋಡಿಸಿದ ವಿದ್ಯುನ್ಮಾನ ಸಾಧನವೇ ಈ ಲೆಕ್ಕವನ್ನು ಬರೆದಿಡುತ್ತದೆ.

ಲೆಕ್ಕ ಚೊಕ್ಕಟವಾಗಿದೆ. ಆದರೆ ಲೆಕ್ಕಕ್ಕೆ ಸಿಕ್ಕಿರುವುದು ಚಕ್ರದ ಚಲನೆಯೇ ಹೊರತು ಮನುಷ್ಯನ ನಿದ್ರೆಯಲ್ಲ. ನಮ್ಮ ಅಭಿಪ್ರಾಯದಲ್ಲಿ ಈ ನಿಯಮಗಳ ಕೊರತೆ ಇರುವುದು ಇಲ್ಲಿಯೇ.

ನಿದ್ರೆಯ ವಿಷಯದಲ್ಲಿ ವಿಜ್ಞಾನ ಹೇಳುವುದೇನು? 1982ರಲ್ಲಿ ಅಲೆಕ್ಸಾಂಡರ್ ಬೊರ್ಬೆಲಿ ಎಂಬ ವಿಜ್ಞಾನಿ ನಿರೂಪಿಸಿದಂತೆ, ನಮ್ಮನ್ನು ಮಲಗಿಸುವ ಮತ್ತು ಎಬ್ಬಿಸುವ ಕಾರ್ಯಗಳು ಎರಡು. ಮೊದಲನೆಯದು ನಿದ್ರೆಯ ಒತ್ತಡ. ಎಚ್ಚರವಿರುವಷ್ಟು ಹೊತ್ತೂ ಮೆದುಳಿನಲ್ಲಿ ಅಡೆನೋಸಿನ್ ಮೊದಲಾದ ವಸ್ತುಗಳು ಕೂಡುತ್ತ ಹೋಗಿ ಈ ಒತ್ತಡ ಬೆಳೆಯುತ್ತದೆ. ಕಾಫಿಯಲ್ಲಿರುವ ಕೆಫೀನು ಅಡೆನೋಸಿನ್ನಿನ ಪ್ರಭಾವವನ್ನು ಕೆಲಕಾಲ ತಡೆಯುತ್ತದೆ. ಅದು ಸಾಲವನ್ನು ಮುಂದೂಡಿದಂತೆಯೇ ವಿನಾ ತೀರಿಸಿದಂತಲ್ಲ. ಎರಡನೆಯದು ದೇಹದ ಒಳಗಡಿಯಾರ. ಮೆದುಳಿನ ಹೈಪೊಥಲಾಮಸ್ ಭಾಗದಲ್ಲಿರುವ ಈ ಗಡಿಯಾರ ಹಗಲಿನ ಬೆಳಕನ್ನು ನೋಡಿ ತನ್ನನ್ನು ತಿದ್ದಿಕೊಳ್ಳುತ್ತದೆ. ನಡುರಾತ್ರಿ ಕಳೆದ ಮೇಲೆ, ಸುಮಾರು ಎರಡರಿಂದ ಆರು ಗಂಟೆಯೊಳಗೆ, ಅದು ನಮ್ಮ ಎಚ್ಚರವನ್ನು ಅತ್ಯಂತ ಕೆಳಕ್ಕೆ ಇಳಿಸುತ್ತದೆ. ಮಧ್ಯಾಹ್ನದ ಊಟದ ಹೊತ್ತಿನ ಬಳಿಕ ಇನ್ನೊಂದು ಚಿಕ್ಕ ಇಳಿತವುಂಟು. ತರಗತಿಯಲ್ಲಿ ಕುಳಿತ ನಮ್ಮ ವಾಚಕರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಈ ಒಳಗಡಿಯಾರವನ್ನು ನಮ್ಮ ಇಚ್ಛೆಯಂತೆ ತಿರುಗಿಸಬಹುದೆ? 1938ರಲ್ಲಿ ನಥಾನಿಯಲ್ ಕ್ಲೈಟ್‌ಮನ್ ಎಂಬ ವಿಜ್ಞಾನಿ ತನ್ನ ಶಿಷ್ಯನೊಡನೆ ಕೆಂಟಕಿಯ ಮ್ಯಾಮತ್ ಗುಹೆಯಲ್ಲಿ 32 ದಿನ ವಾಸವಾಗಿದ್ದು, ದಿನಕ್ಕೆ 28 ಗಂಟೆಗಳೆಂದು ಗೊತ್ತುಮಾಡಿಕೊಂಡು ಬದುಕಿ ನೋಡಿದನು. ಕಿರಿಯನು ಹೊಂದಿಕೊಂಡನು, ಕ್ಲೈಟ್‌ಮನ್ನನ ದೇಹದ ಉಷ್ಣತೆ ಮಾತ್ರ ಹಳೆಯ 24 ಗಂಟೆಯ ಲಯವನ್ನು ಬಿಡಲಿಲ್ಲ. ಮುಂದೆ 1999ರಲ್ಲಿ ಚಾರ್ಲ್ಸ್ ಝೈಸ್ಲರ್ ಮತ್ತು ಸಂಗಡಿಗರು ಮಂದ ಬೆಳಕಿನಲ್ಲಿ ಬಿಗಿಯಾದ ಪರೀಕ್ಷೆ ನಡೆಸಿ, ಮನುಷ್ಯನ ಒಳಗಡಿಯಾರದ ಸುತ್ತು ಸರಾಸರಿ 24 ಗಂಟೆ 11 ನಿಮಿಷವೆಂದು ಕಂಡುಕೊಂಡರು.

ಹೀಗಿರಲು, ಅಮೆರಿಕದಲ್ಲಿ 1962ರಿಂದ 2003ರ ಕೊನೆಯವರೆಗೆ ಜಾರಿಯಲ್ಲಿದ್ದ ನಿಯಮವನ್ನು ಗಮನಿಸಿರಿ. ಹತ್ತು ಗಂಟೆ ಚಾಲನೆ, ಎಂಟು ಗಂಟೆ ಬಿಡುವು, ಮರಳಿ ಚಾಲನೆ: ಅಂದರೆ 18 ಗಂಟೆಗಳಿಗೇ ಒಂದು ದಿನ! ಇಂದು ರಾತ್ರಿ ಹತ್ತಕ್ಕೆ ಮಲಗಿದವನು ನಾಳೆ ಸಂಜೆ ನಾಲ್ಕಕ್ಕೆ, ನಾಳಿದ್ದು ಬೆಳಗ್ಗೆ ಹತ್ತಕ್ಕೆ ಮಲಗಬೇಕಾಗುತ್ತಿತ್ತು. ಕಾಯಿದೆಯನ್ನು ಅಕ್ಷರಶಃ ಪಾಲಿಸಿದವನ ನಿದ್ರೆಯೇ ಕೆಡುತ್ತಿತ್ತು.

ಇಂದಿನ ನಿಯಮ ಎಷ್ಟೋ ಮೇಲು. ಆದರೂ ಒಂದು ಲೆಕ್ಕ ಮಾಡೋಣ. ಹತ್ತು ಗಂಟೆಯ ಬಿಡುವಿನಲ್ಲಿ ಮೊದಲ ಆರು ಗಂಟೆ ಮಲಗಿ ಎದ್ದ ಚಾಲಕನು ಉಳಿದ ನಾಲ್ಕು ಗಂಟೆ ಎಚ್ಚರವಾಗಿದ್ದು ಕೆಲಸಕ್ಕೆ ಇಳಿದನೆನ್ನಿ. ಹದಿನಾಲ್ಕನೆಯ ಗಂಟೆ ಮುಗಿಯುವಾಗ ಅವನು 18 ಗಂಟೆ ಎಚ್ಚರವಾಗಿರುತ್ತಾನೆ. 17 ಗಂಟೆ ನಿದ್ರೆಯಿಲ್ಲದವನ ಕೈಕಣ್ಣುಗಳ ಹೊಂದಾಣಿಕೆಯು, ರಕ್ತದಲ್ಲಿ ಶೇಕಡ 0.05ರಷ್ಟು ಮದ್ಯಸಾರವಿರುವವನ ಮಟ್ಟಕ್ಕೆ ಇಳಿಯುವುದೆಂದು 1997ರಲ್ಲಿ ಡ್ರೂ ಡಾಸನ್ ಮತ್ತು ಕ್ಯಾಥ್ರಿನ್ ರೀಡ್ ತೋರಿಸಿಕೊಟ್ಟರು. ನಮ್ಮ ದೇಶದಲ್ಲಿ ಶೇಕಡ 0.03ನ್ನು ಮೀರಿದರೆ ವಾಹನ ನಡೆಸುವುದು ಅಪರಾಧ. ಕುಡಿದವನನ್ನು ಹಿಡಿಯುವ ಕಾಯಿದೆ ನಿದ್ದೆಗೆಟ್ಟವನನ್ನು ಹಾದುಹೋಗಲು ಬಿಡುತ್ತದೆ.

ನಡುವಿನ ವಿರಾಮದ ಸಂಗತಿಯೂ ಹೀಗೆಯೇ. ಅಮೆರಿಕದಲ್ಲಿ 2020ರ ತಿದ್ದುಪಡಿಯಾದ ಮೇಲೆ, ಆ 30 ನಿಮಿಷವನ್ನು ಸರಕು ಇಳಿಸುತ್ತ ಕಳೆದರೂ ನಿಯಮಕ್ಕೆ ಸಾಕು. ಐರೋಪ್ಯ ಒಕ್ಕೂಟದ 2006ರ ನಿಯಮ ಇದಕ್ಕಿಂತ ವಿವೇಕದ್ದು: ನಾಲ್ಕೂವರೆ ಗಂಟೆಯ ಚಾಲನೆಗೆ 45 ನಿಮಿಷ ವಿರಾಮ, ಆ ಅವಧಿಯಲ್ಲಿ ಬೇರೆ ಯಾವ ಕೆಲಸವನ್ನೂ ಮಾಡುವಂತಿಲ್ಲ. ಇನ್ನು ಮಧ್ಯಾಹ್ನ ತೂಕಡಿಕೆ ಬಂದಾಗ ಅಮೆರಿಕದ ಚಾಲಕನು ಲಾರಿಯನ್ನು ಬದಿಗೆ ನಿಲ್ಲಿಸಿ ಅರ್ಧ ಗಂಟೆ ಮಲಗಿದರೆ ಅವನ 14 ಗಂಟೆಯ ಗಡಿಯಾರ ನಿಲ್ಲದು. ಅದು ನಿಲ್ಲಬೇಕಾದರೆ ಬಿಡುವು ಎರಡು ಗಂಟೆಗೆ ಕಡಮೆಯಿರಬಾರದು. ಅದರೊಡನೆ ಲಾರಿಯ ಮಂಚದಲ್ಲಿ ಕಡಮೆಯೆಂದರೆ ಏಳು ಗಂಟೆಯ ಸತತ ವಿಶ್ರಾಂತಿಯೂ ಸೇರಿ ಒಟ್ಟು ಹತ್ತಾಗಬೇಕು. ಹೀಗೆ ಮಲಗಿದ ಬುದ್ಧಿವಂತನಿಗೆ ಅರ್ಧ ಗಂಟೆ ನಷ್ಟ, ಕಣ್ಣುಜ್ಜುತ್ತ ಮುಂದೆ ಸಾಗಿದವನಿಗೆ ಲಾಭ!

ಗಡಿಯಾರವನ್ನು ನಿಲ್ಲಿಸಲು ಅವಕಾಶವಿತ್ತರೆ, ಮಾಲು ತುಂಬುವಲ್ಲಿ ಕಾಯುವ ಹೊತ್ತನ್ನೆಲ್ಲ ವಿರಾಮವೆಂದು ಬರೆಸಿ ಮಾಲೀಕರು ದಿನವನ್ನೇ ಬೆಳೆಸಿಯಾರು ಎಂಬ ಆಕ್ಷೇಪ ಉಂಟು. ಆಕ್ಷೇಪ ನಿಜವಾದುದೇ. ಆದರೆ ಅದರ ಬೇರು ಇರುವುದು ಕೂಲಿಯ ಪದ್ಧತಿಯಲ್ಲಿ. ಅಮೆರಿಕದ ದೂರಪ್ರಯಾಣದ ಚಾಲಕರಲ್ಲಿ ಅನೇಕರಿಗೆ ಸಂಬಳ ಸಲ್ಲುವುದು ಮೈಲಿಗೆ ಇಷ್ಟು ಎಂಬಂತೆ. ಚಕ್ರ ನಿಂತರೆ ಗಳಿಕೆಯೂ ನಿಂತಿತು. ರಸ್ತೆಯ ಸುರಕ್ಷತೆಗೆ ಧಕ್ಕೆ ತರುವಂತೆ ದೂರಕ್ಕೆ ತಕ್ಕ ಕೂಲಿ ಕೊಡುವುದನ್ನು ಐರೋಪ್ಯ ನಿಯಮ ನಿಷೇಧಿಸಿದೆ. ಕಾಯುವ ಗಂಟೆಗೂ ಕೂಲಿ ಸಲ್ಲತೊಡಗಿದರೆ ಯಾವ ಮಾಲೀಕನೂ ಚಾಲಕನನ್ನು ಸುಮ್ಮನೆ ಕಾಯಿಸನು.

ಸ್ಥಳದ ಪ್ರಶ್ನೆ ಬೇರೆ ಇದೆ. ಗಡಿಯಾರ ಮುಗಿಯುವ ಹೊತ್ತಿಗೆ ನಿಲುಗಡೆ ಸಿಗದಿದ್ದರೆ ಚಾಲಕನು ನಿಯಮವನ್ನು ಮೀರಿ ಮುಂದೆ ಸಾಗಬೇಕು, ಇಲ್ಲವೆ ಹೆದ್ದಾರಿಯ ಅಂಚಿನಲ್ಲೇ ಲಾರಿ ನಿಲ್ಲಿಸಬೇಕು. ಎರಡೂ ಅಪಾಯವೇ.

ನಮ್ಮ ನಾಡಿಗೂ ಈ ಪಾಠ ಸಲ್ಲುತ್ತದೆ. ಐದು ಗಂಟೆ ದುಡಿಯುವುದರೊಳಗೆ ಅರ್ಧ ಗಂಟೆ ವಿರಾಮ, ಒಂದು ದಿನದ ಕೆಲಸಕ್ಕೂ ಮರುದಿನದ ಕೆಲಸಕ್ಕೂ ನಡುವೆ ಒಂಬತ್ತು ಗಂಟೆ ಬಿಡುವು ಎಂದು 1961ರ ಮೋಟಾರು ಸಾರಿಗೆ ಕೆಲಸಗಾರರ ಕಾಯಿದೆ ವಿಧಿಸಿತ್ತು. 2020ರ ಕಾರ್ಮಿಕ ಸಂಹಿತೆಯೊಂದು ಆ ಕಾಯಿದೆಯ ಸ್ಥಾನವನ್ನು ವಹಿಸಿಕೊಂಡಿದೆ. ಅಕ್ಷರಕ್ಕೆ ಕೊರತೆಯಿಲ್ಲ. ಆದರೆ ರಾತ್ರಿ ಹೆದ್ದಾರಿಯಲ್ಲಿ ಪಯಣಿಸಿದವರೆಲ್ಲರೂ ಬಲ್ಲರು: ಹಿಂದೆ ದೀಪವಿಲ್ಲದೆ, ಸುತ್ತ ನಾಲ್ಕು ಕಲ್ಲಿಟ್ಟುಕೊಂಡು ರಸ್ತೆಯಂಚಿನಲ್ಲಿ ನಿಂತ ಲಾರಿಯೇ ಇಲ್ಲಿ ಎಷ್ಟೋ ಚಾಲಕರ ಮಲಗುವ ಮನೆ.

ಆದುದರಿಂದ ನಾವು ಹೇಳುವುದಿಷ್ಟೆ. ಕಿರುನಿದ್ರೆ ಮಾಡಿದವನಿಗೆ ಆ ಹೊತ್ತು ನಷ್ಟವಾಗಬಾರದು, ಅದಕ್ಕೊಂದು ಮಿತಿಯಿರಲಿ. ದೀರ್ಘ ವಿಶ್ರಾಂತಿ ಆದಷ್ಟು ರಾತ್ರಿಯಲ್ಲಿಯೇ ಬೀಳುವಂತೆ ಸರಕು ಸಾಗಣೆಯ ವೇಳಾಪಟ್ಟಿಯಾಗಲಿ. ಹೆದ್ದಾರಿ ಕಟ್ಟುವವರು ಸೇತುವೆಯಷ್ಟೇ ಅಗತ್ಯವೆಂದು ಬಗೆದು ನಿಲುಗಡೆಗಳನ್ನೂ ಕಟ್ಟಲಿ. ನಮ್ಮ ವಾಚಕರಲ್ಲಿ ಕೆಲವರು ನಾಳೆ ಎಂಜಿನಿಯರರೂ ವೈದ್ಯರೂ ಶಾಸನಕರ್ತರೂ ಆಗುವರು. ಚಾಲಕನ ಗಂಟೆಗಳನ್ನು ಗೊತ್ತುಮಾಡುವ ಸರದಿ ಬಂದಾಗ, ಅವನು ಎಷ್ಟು ಹೊತ್ತು ನಡೆಸಿದನೆಂದು ಕೇಳುವ ಮೊದಲು ಎಷ್ಟು ಹೊತ್ತು ಮಲಗಿದ್ದನೆಂದು ಅವರು ಕೇಳಲಿ.