ಝಕಾತ್ ಮತ್ತು ಬಡತನ ನಿರ್ಮೂಲನೆ

ವಿಶ್ವಸಂಸ್ಥೆಯು 2015ರಲ್ಲಿ ಅಂಗೀಕರಿಸಿದ 17 ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ ಮೊದಲನೆಯದು ಬಡತನ ನಿರ್ಮೂಲನೆ. ಅದಕ್ಕೆ ಗೊತ್ತುಪಡಿಸಿದ ಗಡುವು 2030. ಈ ಚಿಂತನೆ ನಮಗೆ ಹೊಸತಲ್ಲ. ಸಂಪತ್ತು ಧನಿಕರ ನಡುವೆಯೇ ಸುತ್ತುತ್ತಿರಬಾರದೆಂದು ಪವಿತ್ರ ಕುರ್‌ಆನ್ ಅಲ್ ಹಶ್ರ್ ಅಧ್ಯಾಯದಲ್ಲಿ ಕಲಿಸಿದೆ.

ಹಿರಿಯೂರಿನವರಾದ ನಮಗೆ ಇದರ ಅರ್ಥ ಕಣ್ಣೆದುರೇ ಇದೆ. 1907ರಲ್ಲಿ ಪೂರ್ಣಗೊಂಡ ವಾಣಿವಿಲಾಸ ಸಾಗರವು 1933ರ ಬಳಿಕ 2022ರಲ್ಲಿ ಮತ್ತೆ ಕೋಡಿ ಬಿದ್ದಾಗ ಊರೇ ಸಂಭ್ರಮಿಸಿತು. ಆದರೂ ನಾಲೆಯ ನೀರು ತಲುಪದ ಜಮೀನು ಮಳೆಯನ್ನೇ ಕಾಯಬೇಕು. ಸಂಪತ್ತೂ ಹಾಗೆಯೇ, ತುಂಬಿದರೆ ಸಾಲದು, ಹರಿಯಬೇಕು.

ಆ ಹರಿವಿಗೆ ಇಸ್ಲಾಮ್ ತೋಡಿದ ನಾಲೆಯೇ ಝಕಾತ್. ನಿಸಾಬ್ ತಲುಪಿ ವರ್ಷ ತುಂಬಿದ ಹಣದಲ್ಲಿ ಶೇ. 2.5, ಮಳೆಯಾಶ್ರಿತ ಬೆಳೆಯಲ್ಲಿ ಹತ್ತರಲ್ಲೊಂದು ಭಾಗ, ಶ್ರಮಪಟ್ಟು ನೀರೆತ್ತಿ ಬೆಳೆದುದರಲ್ಲಿ ಇಪ್ಪತ್ತರಲ್ಲೊಂದು. ರೈತನ ದುಡಿಮೆಯ ಭಾರವನ್ನೂ ಶರೀಅತ್ ಲೆಕ್ಕಕ್ಕೆ ತೆಗೆದುಕೊಂಡಿದೆ.

ಚಿಲ್ಲರೆಯಾಗಿ ನೂರು ಕೈಗಳಿಗೆ ಹಂಚಿದ ಝಕಾತ್ ಮುಂದಿನ ರಮಝಾನಿನಲ್ಲೂ ಅದೇ ಕೈಗಳನ್ನು ಬಾಗಿಲಲ್ಲಿ ನಿಲ್ಲಿಸುತ್ತದೆ. ಮೊಹಲ್ಲಾದ ಝಕಾತ್ ಒಂದೆಡೆ ಕೂಡಿದರೆ ಒಬ್ಬ ವಿಧವೆಗೆ ಹೊಲಿಗೆ ಯಂತ್ರ ದೊರೆತೀತು, ಒಬ್ಬ ರೈತನ ಸಾಲ ತೀರೀತು. ಝಕಾತ್‌ಗೆ ಹಕ್ಕುದಾರರಾದ ಎಂಟು ವರ್ಗಗಳಲ್ಲಿ ಸಾಲಗಾರರೂ ಇದ್ದಾರೆಂಬುದನ್ನು ಮರೆಯದಿರೋಣ. ಇಂದು ಪಡೆದವನು ನಾಳೆ ಕೊಡುವವನಾಗಬೇಕು. ಅಲ್ಲಾಹನು ಅನುಗ್ರಹಿಸಲಿ, ಆಮೀನ್.