ಚೌಡಿಯನ್ನು ಕಿನ್ನರಿ ಎನ್ನಬಹುದೆ?

ಇಂಗ್ಲಿಷಿನ ‘ಫೇರಿ’ ಎಂಬ ಪದ ಎದುರಾದಾಗಲೆಲ್ಲ ನಮ್ಮ ಅನುವಾದಕರು ಕಿನ್ನರಿ, ಯಕ್ಷಿಣಿ, ಅಪ್ಸರೆ ಎಂಬ ಸಂಸ್ಕೃತ ಪದಗಳ ಮೊರೆಹೋಗುತ್ತಾರೆ. ‘ಕಿನ್ನರಕಥೆ’ ಎಂಬುದು ಕಥಾಪ್ರಕಾರದ ಹೆಸರಾಗಿಯೂ ಬಳಕೆಗೆ ಬಂದಿದೆ. ಕಾವ್ಯ, ಪುರಾಣಗಳ ಓದಿಗೆ ಇದರಿಂದ ಬಾಧಕವೇನಿಲ್ಲ. ಆದರೆ ಭಟ್ಕಳ, ಹೊನ್ನಾವರ, ಕುಮಟಾ ತಾಲ್ಲೂಕುಗಳ ಜನರ ಅದೃಶ್ಯಲೋಕವನ್ನು ಕುರಿತು ಬರೆಯುವಾಗ ಈ ಪದಗಳು ನಮ್ಮನ್ನು ದಾರಿ ತಪ್ಪಿಸುತ್ತವೆ.

ಈ ಸೀಮೆಗೆ ಯಕ್ಷಿ ಅಪರಿಚಿತಳಲ್ಲ. ಗೇರುಸೊಪ್ಪೆಯ ಜ್ವಾಲಾಮಾಲಿನಿ ಜೈನ ಯಕ್ಷಿಯೇ. ಗಂಧರ್ವರು, ಅಪ್ಸರೆಯರು ಯಕ್ಷಗಾನದ ರಂಗಸ್ಥಳಕ್ಕೆ ಬಂದುಹೋಗುತ್ತಲೇ ಇರುತ್ತಾರೆ. ಇವರಿಗೆಲ್ಲ ಗ್ರಂಥಾಧಾರವಿದೆ, ವಂಶಾವಳಿಯಿದೆ, ರೂಪವಿದೆ. ಚೌಡಿ, ಜಟಕರ ಸ್ಥಿತಿ ಬೇರೆ. ಅವರಿಗಿರುವುದು ಒಂದು ಕಲ್ಲು, ಒಂದು ಮರದ ಬುಡ, ಒಂದು ಗದ್ದೆಯ ಅಂಚು. ‘ಯಾವ ಚೌಡಿ?’ ಎಂದು ಕೇಳಿದರೆ ಬರುವ ಉತ್ತರ ಪುರಾಣದ್ದಲ್ಲ, ಸ್ಥಳದ್ದು.

ವಿಪರ್ಯಾಸವೆಂದರೆ, ಪಶ್ಚಿಮದ ಮೂಲ ‘ಫೇರಿ’ಯೂ ಹೀಗೆಯೇ ಇದ್ದದ್ದು. ಸ್ಕಾಟ್ಲೆಂಡಿನ ಪಾದ್ರಿ ರಾಬರ್ಟ್ ಕರ್ಕ್ 1691ರ ಸುಮಾರಿಗೆ ದಾಖಲಿಸಿದ ಅದೃಶ್ಯರು ಚಿಟ್ಟೆಯ ರೆಕ್ಕೆ ಹೊತ್ತ ಪುಟ್ಟ ಚೆಲುವೆಯರಲ್ಲ. ದಿಬ್ಬಗಳೊಳಗೆ ನೆಲೆಸಿ ನೆರೆಹೊರೆಯವರಂತೆ ಬದುಕುವವರು. ರೆಕ್ಕೆ ಮೂಡಿದ್ದು ಅನಂತರದ ರಂಗಭೂಮಿ ಮತ್ತು ಚಿತ್ರಪುಸ್ತಕಗಳಲ್ಲಿ. ಐರ್ಲೆಂಡಿನ ಕ್ಲೇರ್ ಪ್ರಾಂತ್ಯದಲ್ಲಿ ಹೆದ್ದಾರಿಗಾಗಿ ಒಂದು ಮುಳ್ಳುಮರವನ್ನು ಕಡಿಯಲು ಹೊರಟಾಗ, ಅದು ಅದೃಶ್ಯರ ತಾಣವೆಂದು ಕಥೆಗಾರ ಎಡ್ಡಿ ಲೆನಿಹನ್ 1999ರಲ್ಲಿ ವಿರೋಧಿಸಿದರು. ಮರವನ್ನು ಉಳಿಸಿಕೊಂಡೇ ರಸ್ತೆ ನಿರ್ಮಾಣವಾಯಿತು. ಆ ಮರದ ನಿವಾಸಿಗಳಿಗೆ ಹತ್ತಿರದವಳು ಕಿನ್ನರಿಯಲ್ಲ, ನಮ್ಮ ಚೌಡಿ.

ಇಲ್ಲಿಯೂ ಹೆದ್ದಾರಿ ಬಂದಿದೆ. ಮೂರೂ ಪಟ್ಟಣಗಳ ಮೂಲಕ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 66ರ ಅಗಲೀಕರಣಕ್ಕೆ ದಾರಿಬದಿಯ ಮರಗಳು ಉರುಳಿದವು. ಯಾವುದರ ಬುಡದಲ್ಲಿ ಯಾರ ಕಲ್ಲಿತ್ತು ಎಂಬುದಕ್ಕೆ ನಮ್ಮ ಪಿಎಚ್.ಡಿ. ಪ್ರಬಂಧಗಳಲ್ಲಿ ಉತ್ತರ ಹುಡುಕುವುದು ಕಷ್ಟ. ಸಾಮಗ್ರಿಯ ಕೊರತೆ ಇದಕ್ಕೆ ಕಾರಣವಲ್ಲ. ಕುಮಟೆಯ ಎಲ್.ಆರ್. ಹೆಗಡೆ, ಹೊನ್ನಾವರದ ಎನ್.ಆರ್. ನಾಯಕ ಮತ್ತು ಶಾಂತಿ ನಾಯಕ ಅವರು ಜೀವಮಾನವಿಡೀ ಸಂಗ್ರಹಿಸಿ ಕೊಟ್ಟಿದ್ದಾರೆ. ಅದನ್ನು ಆಧರಿಸಿದ ನಾವು ಕಥೆಗಳನ್ನು ‘ಆಶಯ’, ‘ವರ್ಗ’ಗಳ ಕೋಷ್ಟಕಕ್ಕೆ ಏರಿಸಿ, ನಂಬಿಕೆಯನ್ನು ‘ಕ್ಷುದ್ರದೇವತೆಗಳು’ ಎಂಬ ಬೇರೊಂದು ಅಧ್ಯಾಯಕ್ಕೆ ತಳ್ಳುತ್ತೇವೆ. (‘ಕ್ಷುದ್ರ’ ಯಾರ ಅಳತೆಯಲ್ಲಿ ಎಂದು ಕೇಳಿದವರು ವಿರಳ.) 1883ರ ಕೆನರಾ ಗ್ಯಾಸೆಟಿಯರ್ ಜಾತಿಜಾತಿಗೂ ಮಾಟ, ಶಕುನಗಳ ನಂಬಿಕೆಯನ್ನು ಹೆಚ್ಚುಕಡಿಮೆ ಒಂದೇ ವಾಕ್ಯದಲ್ಲಿ ಮುಗಿಸಿತ್ತು, ವಸಾಹತು ಅಧಿಕಾರಿಗಳ ಆ ಅವಸರ ನಮಗೇಕೆ?

ಚೌಡಿ ಚೌಡೇಶ್ವರಿಯಾಗುವುದು, ಜಟಕ ಜಟಕೇಶ್ವರನಾಗುವುದು ನಡೆದೇ ಇದೆ. ಅದನ್ನು ಪತನವೆಂದು ಶೋಕಿಸಬೇಕಾಗಿಲ್ಲ. ಭಕ್ತರಿಗೆ ಗುಡಿ ಕಟ್ಟುವ ಹಕ್ಕಿದೆ. ಆದರೆ ಕಲ್ಲು ಎಲ್ಲಿಂದ ಎಲ್ಲಿಗೆ ಬಂತು, ಆಗ ಎಡೆಯಲ್ಲಿ ಏನು ಬದಲಾಯಿತು, ಪೂಜೆ ಯಾರ ಕೈಯಿಂದ ಯಾರ ಕೈಗೆ ದಾಟಿತು ಎಂಬುದು ದಾಖಲಾಗಬೇಕು. ಕಥೆಯೊಂದಿಗೆ ಮರದ ಜಾತಿ, ಗದ್ದೆಯ ಹೆಸರು, ಹೇಳಿದ ಹೊತ್ತು ಇವೂ ಪಠ್ಯದ ಭಾಗವೇ. ವಕ್ತೃ ಹೆಸರನ್ನು ಉಚ್ಚರಿಸಲು ಹಿಂಜರಿದು ‘ಅಲ್ಲಿಯದು’ ಎಂದು ಕೈ ತೋರಿದರೆ, ಲಿಪ್ಯಂತರದಲ್ಲಿ ನಾವಾಗಿ ‘ಚೌಡಿ’ ಎಂದು ತುಂಬಬಾರದು. ಕೈ ತೋರಿದ ದಿಕ್ಕನ್ನು ಬರೆದುಕೊಳ್ಳಬೇಕು.