ಕಾಂಪೌಂಡಿನಾಚೆಗೂ ಒಂದು ಊರಿದೆ

ಬೆಂಗಳೂರಿನ ಪೂರ್ವ ಭಾಗದಲ್ಲಿ, ವರ್ತೂರು ಮತ್ತು ಸರ್ಜಾಪುರ ರಸ್ತೆಗಳ ನಡುವಣ ಒಂದು ವಸತಿ ಸಮುಚ್ಚಯದಲ್ಲಿ ನಾನು ಕೆಲವು ವರ್ಷಗಳಿಂದ ವಾಸವಾಗಿದ್ದೇನೆ. ನಿವೃತ್ತಿಯ ನಂತರ ಮಗ, ಸೊಸೆ ಹಾಗೂ ಮೊಮ್ಮಗಳೊಂದಿಗೆ ಇರುವ ಆಸೆಯಿಂದ ಇಲ್ಲಿಗೆ ಬಂದವನು. ಇಲ್ಲಿನ ಬದುಕು ಕಷ್ಟದ್ದೆಂದು ಯಾರೂ ಹೇಳಲಾರರು. ವಿದ್ಯುತ್ ಹೋದ ಕೆಲವೇ ಕ್ಷಣಗಳಲ್ಲಿ ಜನರೇಟರ್ ಚಾಲನೆಗೊಳ್ಳುತ್ತದೆ. ಕಸ ಹೊತ್ತಿಗೆ ಸರಿಯಾಗಿ ವಿಲೇವಾರಿಯಾಗುತ್ತದೆ. ಈಜುಕೊಳ, ವ್ಯಾಯಾಮಶಾಲೆ, ಮಕ್ಕಳಿಗೆ ಆಟದ ಅಂಗಳ, ಹಿರಿಯರಿಗೆ ನೆರಳಿನ ಕಲ್ಲುಬೆಂಚು ಎಲ್ಲವೂ ಇವೆ. ಸಂಜೆ ಆ ಬೆಂಚುಗಳಲ್ಲಿ ದಾವಣಗೆರೆಯವರು, ವಿಜಯವಾಡದವರು, ಕಾನ್ಪುರದವರು ಒಟ್ಟಿಗೆ ಕುಳಿತು ಮಕ್ಕಳು ಕಚೇರಿಯಿಂದ ಮರಳುವುದನ್ನು ಕಾಯುತ್ತೇವೆ.

ಆದರೆ ಆ ಕಾಯುವಿಕೆ ದಿನೇ ದಿನೇ ದೀರ್ಘವಾಗುತ್ತಿದೆ. ನನ್ನ ಮಗನ ಕಚೇರಿ ಇರುವುದು ಹೊರವರ್ತುಲ ರಸ್ತೆಯಲ್ಲಿ, ಮನೆಯಿಂದ 12 ಕಿಲೋಮೀಟರ್ ದೂರದಲ್ಲಿ. ಹೋಗಲು ಒಂದೂಕಾಲು ಗಂಟೆ, ಬರಲು ಒಂದೂವರೆ ಗಂಟೆ. ಮಳೆ ಬಂದ ದಿನ ಲೆಕ್ಕವೇ ಇಲ್ಲ. ವಾರಕ್ಕೆ ಐದು ದಿನವೆಂದರೂ ಹದಿಮೂರು ಗಂಟೆಗಿಂತ ಹೆಚ್ಚು ಕಾಲ ಅವನು ಸ್ಟೇರಿಂಗ್ ಹಿಡಿದು ಮುಂದಿನ ಕಾರಿನ ಕೆಂಪು ದೀಪವನ್ನು ನೋಡುತ್ತಾ ಕಳೆಯುತ್ತಾನೆ. ಮಗಳು ನಿದ್ದೆಹೋದ ಮೇಲೆ ಮನೆ ಸೇರುವುದು ಅವನಿಗೆ ಅಭ್ಯಾಸವಾಗಿಬಿಟ್ಟಿದೆ. ಟಾಮ್‌ಟಾಮ್ ಸಂಸ್ಥೆಯ 2019ರ ಸಂಚಾರ ಸೂಚ್ಯಂಕವು ಬೆಂಗಳೂರನ್ನು ಜಗತ್ತಿನ ಅತ್ಯಂತ ದಟ್ಟಣೆಯ ನಗರವೆಂದು ಗುರುತಿಸಿತ್ತು. ರಸ್ತೆ ತೆರವಾಗಿದ್ದಾಗ ಹಿಡಿಯುವ ಸಮಯಕ್ಕಿಂತ ಇಲ್ಲಿ ಸರಾಸರಿ ಶೇ 71ರಷ್ಟು ಹೆಚ್ಚು ಸಮಯ ಬೇಕಾಗುತ್ತಿತ್ತು. ನಂತರದ ವರ್ಷಗಳಲ್ಲಿ ಸ್ಥಾನ ಹಿಂದೆ ಮುಂದೆ ಆಗಿರಬಹುದು. ನಮ್ಮ ಬೆಂಚಿನ ಮೇಲೆ ಕುಳಿತವರಿಗೆ ವ್ಯತ್ಯಾಸವೇನೂ ಕಂಡಿಲ್ಲ.

ಇದರಲ್ಲೊಂದು ಸೋಜಿಗವಿದೆ. ನೀರು, ವಿದ್ಯುತ್, ಭದ್ರತೆ, ಉದ್ಯಾನ ಇವೆಲ್ಲ ನಗರಾಡಳಿತ ಒದಗಿಸಬೇಕಾದ ಸೌಕರ್ಯಗಳು. ಅವು ಸಿಗದಾದಾಗ ನಾವು ಒಂದೊಂದನ್ನೂ ಹಣ ಕೊಟ್ಟು ಕೊಂಡುಕೊಂಡೆವು. ಕೊಳ್ಳಲಾಗದೆ ಉಳಿದದ್ದು ರಸ್ತೆಯೊಂದೇ. ಕಾರು ಎಷ್ಟೇ ದೊಡ್ಡದಾಗಿರಲಿ, ಅದು ಓಡಬೇಕಾದದ್ದು ಎಲ್ಲರಿಗೂ ಸೇರಿದ ರಸ್ತೆಯಲ್ಲಿ. ಹಾಗಾಗಿ ನಮ್ಮ ಸಂಘದ ವಾಟ್ಸ್ಆ್ಯಪ್ ಗುಂಪಿನಲ್ಲಿ ಸರ್ಕಾರದ ನೆನಪಾಗುವುದು ರಸ್ತೆಗುಂಡಿಯ ವಿಷಯ ಬಂದಾಗ ಮಾತ್ರ.

ಈ ರಸ್ತೆ ಹೀಗೇಕಾಯಿತು ಎಂಬುದು ನನಗೆ ತಿಳಿಯದ ವಿಷಯವೇನಲ್ಲ. ವೈಟ್‌ಫೀಲ್ಡ್‌ನಲ್ಲಿ ಐಟಿಪಿಎಲ್ ತಲೆಯೆತ್ತಿದ ನಂತರದ ವರ್ಷಗಳಲ್ಲಿ ನಾನು ಬೆಂಗಳೂರಿನ ಅಂಚಿನ ತಾಲ್ಲೂಕೊಂದರಲ್ಲಿ ಕಂದಾಯ ಅಧಿಕಾರಿಯಾಗಿದ್ದೆ. 1964ರ ಭೂಕಂದಾಯ ಕಾಯ್ದೆಯ 95ನೇ ಕಲಂ ಅನ್ವಯ ಕೃಷಿ ಭೂಮಿಯನ್ನು ವಸತಿ ಉದ್ದೇಶಕ್ಕೆ ಪರಿವರ್ತಿಸುವ ಕಡತಗಳು ನನ್ನ ಟಿಪ್ಪಣಿಯೊಂದಿಗೆ ಮುಂದಕ್ಕೆ ಹೋಗುತ್ತಿದ್ದವು. ಪಹಣಿ, ಸರ್ವೆ ನಕ್ಷೆ, ಶುಲ್ಕ ಕಟ್ಟಿದ ಚಲನ್ ಎಲ್ಲವೂ ಕ್ರಮಬದ್ಧವಾಗಿರುತ್ತಿದ್ದವು. ಎರಡು ಎಕರೆ ರಾಗಿ ಹೊಲ ಮನೆಗಳಾಗುವುದಕ್ಕೆ ಆಕ್ಷೇಪಿಸಲು ನನಗೆ ಕಾರಣವಿರಲಿಲ್ಲ. ಆದರೆ ಅಂಥ ಇನ್ನೂರು ಹೊಲಗಳು ಒಟ್ಟಾಗಿ ಒಂದು ಪಟ್ಟಣವಾದಾಗ ಅದಕ್ಕೆ ನೀರು ಎಲ್ಲಿಂದ, ಒಳಚರಂಡಿ ಎಲ್ಲಿಗೆ, ಗ್ರಾಮ ನಕ್ಷೆಯ ಬಂಡಿದಾರಿಯಲ್ಲಿ ಎಷ್ಟು ಕಾರುಗಳು ಹಿಡಿದಾವು ಎಂದು ಕೇಳುವ ಅಂಕಣ ಆ ಕಡತದಲ್ಲಿ ಇರಲಿಲ್ಲ. ಇಲ್ಲದ ಅಂಕಣವನ್ನು ನಾನೂ ಬರೆಯಲಿಲ್ಲ. ಬಿಡಿಯಾಗಿ ಸರಿಯಾದದ್ದು ಇಡಿಯಾಗಿ ತಪ್ಪಾಗಬಹುದೆಂದು ಅರ್ಥಶಾಸ್ತ್ರದ ಮೊದಲ ಪಾಠಗಳಲ್ಲೇ ಓದಿದ್ದವನು ನಾನು. ಇಂದು ಆ ಬಂಡಿದಾರಿಗಳಲ್ಲೊಂದರ ಬದಿಯಲ್ಲೇ ವಾಸಿಸುತ್ತಿದ್ದೇನೆ.

2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ ಹಾಗೂ 110 ಹಳ್ಳಿಗಳನ್ನು ಸೇರಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯನ್ನು ರಚಿಸಲಾಯಿತು. ಆ ಹಳ್ಳಿಗಳಿಗೆಂದು ರೂಪಿಸಿದ ಕಾವೇರಿ ಐದನೇ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರ್ 16ರಂದು, ಅಂದರೆ ಹದಿನೇಳು ವರ್ಷಗಳ ಬಳಿಕ. ಈ ನಡುವಿನ ಅವಧಿಯಲ್ಲಿ ಗೋಪುರಗಳು ಏಳುವುದು ನಿಲ್ಲಲಿಲ್ಲ. ಸುತ್ತಲಿನ ಹೊಲಗಳ ಕೊಳವೆ ಬಾವಿಗಳಿಂದ ಟ್ಯಾಂಕರ್‌ಗಳು ನೀರು ತಂದವು. ರಾಗಿ ಬೆಳೆಯುತ್ತಿದ್ದ ರೈತ ನೀರು ಮಾರತೊಡಗಿದ.

ಅರ್ಥಶಾಸ್ತ್ರಜ್ಞ ಆಲ್ಬರ್ಟ್ ಹಿರ್ಷ್‌ಮನ್ 1970ರಲ್ಲಿ ಪ್ರಕಟಿಸಿದ ಒಂದು ಕಿರು ಗ್ರಂಥದಲ್ಲಿ ಈ ಪರಿಸ್ಥಿತಿಗೆ ಹೊಂದುವ ವಿಚಾರವೊಂದನ್ನು ಮುಂದಿಟ್ಟರು. ಒಂದು ಸಂಸ್ಥೆಯ ಗುಣಮಟ್ಟ ಕುಸಿದಾಗ ಅದನ್ನು ಅವಲಂಬಿಸಿದವರಿಗೆ ಇರುವುದು ಎರಡು ದಾರಿ: ಬಿಟ್ಟು ಹೊರನಡೆಯುವುದು ಅಥವಾ ಒಳಗಿದ್ದು ದನಿಯೆತ್ತುವುದು. ಗುಣಮಟ್ಟದ ಬಗ್ಗೆ ಹೆಚ್ಚು ಕಾಳಜಿಯುಳ್ಳವರು, ದನಿಯೆತ್ತಿದರೆ ಕೇಳಿಸಬಲ್ಲವರು, ಅನೇಕ ವೇಳೆ ಮೊದಲು ಹೊರಟುಹೋಗುತ್ತಾರೆ. ಉಳಿದವರ ದನಿಗೆ ಬಲವಿರುವುದಿಲ್ಲ. ಸಂಸ್ಥೆ ಮತ್ತಷ್ಟು ಕುಸಿಯುತ್ತದೆ. ಸರ್ಕಾರಿ ಶಾಲೆಯನ್ನು ಬಿಟ್ಟೆವು, ಸರ್ಕಾರಿ ಆಸ್ಪತ್ರೆಯನ್ನು ಬಿಟ್ಟೆವು, ಬಸ್ಸನ್ನು ಬಿಟ್ಟೆವು. 2019ರಲ್ಲಿ ಹೊರವರ್ತುಲ ರಸ್ತೆಯಲ್ಲಿ ಬಸ್ಸುಗಳಿಗೆ ಪ್ರತ್ಯೇಕ ಪಥ ಆರಂಭವಾಯಿತು. ಮುಂದೆ ಅದು ಉಳಿಯಲಿಲ್ಲ. ಅದನ್ನು ಉಳಿಸಿಕೊಳ್ಳಿ ಎಂದು ನಮ್ಮ ಸಂಘದಿಂದ ಒಂದು ಮನವಿಯೂ ಹೋಗಲಿಲ್ಲ. ಬಸ್ಸಿನಲ್ಲಿ ಹೋಗುವವರು ನಮ್ಮಲ್ಲಿ ಯಾರೂ ಇರಲಿಲ್ಲವಲ್ಲ!

ಆದರೆ ಹೀಗೆ ಹೊರನಡೆದವರಿಗೆ ತಲುಪಲು ಬೇರೊಂದು ನೆಲವಿಲ್ಲ ಎಂಬುದನ್ನು 2022ರ ಮಳೆ ತೋರಿಸಿಕೊಟ್ಟಿತು. ಆ ವರ್ಷದ ಆಗಸ್ಟ್ ಕೊನೆ ಹಾಗೂ ಸೆಪ್ಟೆಂಬರ್ ಆರಂಭದಲ್ಲಿ ಸರ್ಜಾಪುರ ರಸ್ತೆಯ ಆಸುಪಾಸಿನ ಐಷಾರಾಮಿ ವಿಲ್ಲಾಗಳಿಗೆ ನೀರು ನುಗ್ಗಿತು. ಬೆಲೆಬಾಳುವ ಕಾರುಗಳು ಮುಳುಗಿದವು. ಮಾಹಿತಿ ತಂತ್ರಜ್ಞಾನದ ಉದ್ಯೋಗಿಗಳು ಟ್ರ್ಯಾಕ್ಟರ್ ಏರಿ ಕಚೇರಿಗೆ ಹೋದ ಚಿತ್ರಗಳನ್ನು ದೇಶವೇ ಕಂಡಿತು. ಮೇಲಿನ ಕೆರೆ ಕೋಡಿ ಬಿದ್ದರೆ ಕೆಳಗಿನ ಕೆರೆಗೆ ನೀರು ಹರಿಯುವುದು ರಾಜಕಾಲುವೆಯ ಧರ್ಮ. ಕಾಲುವೆ ಒತ್ತುವರಿಯಾದರೆ ಅದು ಕಾಂಪೌಂಡಿನೊಳಗೇ ದಾರಿ ಮಾಡಿಕೊಳ್ಳುತ್ತದೆ. ನೀರಿಗೆ ಗೇಟ್‌ಪಾಸ್ ಬೇಕಿಲ್ಲ.

ಗೇಟ್‌ಪಾಸ್ ಎಂಬ ಮಾತನ್ನು ಸುಮ್ಮನೆ ಬಳಸಲಿಲ್ಲ. 2024ರ ಮಾರ್ಚ್‌ನಲ್ಲಿ ನಗರದಲ್ಲಿ ನೀರಿನ ಹಾಹಾಕಾರವೆದ್ದಿತ್ತು. ನಮ್ಮ ಮನೆಗೆ ಕೆಲಸಕ್ಕೆ ಬರುವ ಹೆಣ್ಣುಮಗಳು ರಾಯಚೂರು ಕಡೆಯವಳು. ನಮ್ಮ ಗೋಡೆಯ ಹಿಂದಿನ ತಗಡಿನ ಶೆಡ್ಡುಗಳಲ್ಲಿ ಅವಳ ಸಂಸಾರ. ಅಲ್ಲಿನ ಕೊಳವೆ ಬಾವಿ ಬತ್ತಿತ್ತು. ಒಂದು ಸಂಜೆ ಅವಳು ನನ್ನ ಪತ್ನಿಯನ್ನು ಕೇಳಿದಳು: ‘ಅಮ್ಮಾರ, ಎರಡು ಕ್ಯಾನ್ ನೀರು ಒಯ್ಲೇನ್ರಿ?’ ಇಲ್ಲವೆನ್ನುವುದುಂಟೆ? ಹತ್ತು ನಿಮಿಷದ ನಂತರ ಗೇಟಿನಿಂದ ದೂರವಾಣಿ ಬಂತು. ಮನೆಗೆಲಸದವರು ಯಾವುದೇ ವಸ್ತುವನ್ನು ಹೊರಗೆ ಒಯ್ಯಬೇಕಾದರೆ ಮನೆಯ ಮಾಲೀಕರ ಸಹಿ ಇರುವ ಗೇಟ್‌ಪಾಸ್ ಬೇಕೆಂಬ ನಿಯಮ ನಮ್ಮಲ್ಲಿದೆ. ನಾನು ಇಳಿದುಹೋದೆ. ಅವಳು ಎರಡು ಕ್ಯಾನ್‌ಗಳನ್ನು ನೆಲಕ್ಕಿಟ್ಟು, ತಲೆ ತಗ್ಗಿಸಿ ನಿಂತಿದ್ದಳು. ಕಾವಲುಗಾರನದು ತಪ್ಪಿಲ್ಲ, ಅವನಿಗೆ ಕೊಟ್ಟ ಆದೇಶ ಅದು. ‘ವಸ್ತುವಿನ ವಿವರ’ ಎಂಬಲ್ಲಿ ‘ನೀರು, 40 ಲೀಟರ್’ ಎಂದು ಬರೆದು ಸಹಿ ಹಾಕಿದೆ. ಮೂವತ್ತಕ್ಕೂ ಹೆಚ್ಚು ವರ್ಷಗಳ ಸೇವೆಯಲ್ಲಿ ಅಸಂಖ್ಯ ಸಹಿಗಳನ್ನು ಹಾಕಿದ್ದೇನೆ. ಅಷ್ಟು ನಾಚಿಕೆಯಿಂದ ಹಾಕಿದ ಸಹಿ ಇನ್ನೊಂದಿಲ್ಲ.

ಇಲ್ಲಿ ಒಂದು ಆಕ್ಷೇಪ ನಿರೀಕ್ಷಿತವೇ. ‘ನಾವು ಆದಾಯ ತೆರಿಗೆ, ಆಸ್ತಿ ತೆರಿಗೆ ಎರಡನ್ನೂ ಕಟ್ಟುತ್ತೇವೆ. ಸರ್ಕಾರ ಕೈಬಿಟ್ಟದ್ದರಿಂದ ನಮ್ಮ ವ್ಯವಸ್ಥೆಯನ್ನು ನಾವು ಮಾಡಿಕೊಂಡೆವು. ಅದರಲ್ಲಿ ಅಪರಾಧವೇನು?’ ಅಪರಾಧ ಖಂಡಿತ ಇಲ್ಲ. ಸಾಲ ಮಾಡಿ ಮನೆ ಕೊಂಡು, ಇಪ್ಪತ್ತು ವರ್ಷ ಕಂತು ಕಟ್ಟುವ ದುಡಿಮೆಗಾರರನ್ನು ದೂಷಿಸುವುದು ನನ್ನ ಉದ್ದೇಶವಲ್ಲ. ಮೊದಲ ತಪ್ಪು ನನ್ನಂಥ ಅಧಿಕಾರಿಗಳದ್ದು. ಆದರೆ ತೆರಿಗೆ ಕಟ್ಟಿದ ಮಾತ್ರಕ್ಕೆ ಪೌರತ್ವದ ಬಾಧ್ಯತೆ ತೀರುವುದಿಲ್ಲ. ಕಟ್ಟಿದ ಹಣದ ಲೆಕ್ಕ ಕೇಳುವುದೂ ಅದರ ಭಾಗವೇ. 2024ರ ಲೋಕಸಭಾ ಚುನಾವಣೆಯಲ್ಲಿ ರಾಜ್ಯದ ಮತದಾನ ಶೇ 70ರ ಆಸುಪಾಸಿನಲ್ಲಿದ್ದರೆ, ಬೆಂಗಳೂರಿನ ಉತ್ತರ, ಕೇಂದ್ರ, ದಕ್ಷಿಣ ಕ್ಷೇತ್ರಗಳು ಶೇ 55ನ್ನೂ ಮುಟ್ಟಲಿಲ್ಲ. ಮಹಾನಗರ ಪಾಲಿಕೆಯ ಚುನಾಯಿತ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. 2025ರ ಸೆಪ್ಟೆಂಬರ್‌ನಲ್ಲಿ ಅದನ್ನು ಐದು ನಗರ ಪಾಲಿಕೆಗಳಾಗಿ ವಿಭಜಿಸುವವರೆಗೆ ಚುನಾವಣೆ ನಡೆಯಲೇ ಇಲ್ಲ. ಐದು ವರ್ಷ ಆಡಳಿತಾಧಿಕಾರಿಗಳ ಕೈಯಲ್ಲಿ ನಗರವಿದ್ದಾಗ ನಮ್ಮ ಬಡಾವಣೆಗೆ ಯಾವ ಕೊರತೆಯೂ ಕಾಣಲಿಲ್ಲ. ಅಧಿಕಾರಿಯಾಗಿದ್ದವನಾಗಿ ಹೇಳುತ್ತೇನೆ: ಅಧಿಕಾರಿ ಎಷ್ಟೇ ದಕ್ಷನಾದರೂ ಜನಪ್ರತಿನಿಧಿಗೆ ಪರ್ಯಾಯವಲ್ಲ. ಅಧಿಕಾರಿಗೆ ವರ್ಗಾವಣೆಯಾಗುತ್ತದೆ; ವಾರ್ಡಿನ ಸದಸ್ಯ ಮತ ಕೇಳಲು ಮತ್ತೆ ಅದೇ ಬೀದಿಗೆ ಬರಬೇಕು.

ಹಾಗಾದರೆ ಮಾಡಬೇಕಾದದ್ದೇನು? ಮೊದಲನೆಯದಾಗಿ, ವಾರ್ಡ್ ಸಮಿತಿ. 74ನೇ ತಿದ್ದುಪಡಿಯ ಮೂಲಕ ಸಂವಿಧಾನಕ್ಕೆ ಸೇರಿದ 243ಎಸ್ ವಿಧಿಯು ಮೂರು ಲಕ್ಷ ಅಥವಾ ಹೆಚ್ಚಿನ ಜನಸಂಖ್ಯೆಯ ನಗರಗಳಲ್ಲಿ ವಾರ್ಡ್ ಸಮಿತಿಗಳಿರಬೇಕೆಂದು ಹೇಳುತ್ತದೆ. ನಮ್ಮಂಥ ನಿವಾಸಿ ಸಂಘಗಳು ಅದರ ಸಭೆಗೆ ಹೋಗಬೇಕು. ಆದರೆ ನಮ್ಮ ಗೇಟಿನ ಮುಂದಿನ ಗುಂಡಿಯ ಅರ್ಜಿ ಹಿಡಿದಲ್ಲ, ಹಿಂದಿನ ಶೆಡ್ಡುಗಳ ನೀರು, ಪಕ್ಕದ ಶಾಲೆಯ ಶೌಚಾಲಯ, ಕಾಲುವೆಯ ಹೂಳು ಇವನ್ನೂ ಪಟ್ಟಿಗೆ ಸೇರಿಸಿಕೊಂಡು. ಎರಡನೆಯದಾಗಿ, ಸಾರ್ವಜನಿಕ ಸಾರಿಗೆ. ವೈಟ್‌ಫೀಲ್ಡ್ ಮೆಟ್ರೊ 2023ರ ಅಕ್ಟೋಬರ್‌ನಿಂದ ನಗರದ ಹೃದಯಭಾಗಕ್ಕೆ ನೇರ ಸಂಪರ್ಕ ಪಡೆದಿದೆ. ನಮ್ಮ ಗೇಟಿನಿಂದ ಬಸ್ ನಿಲ್ದಾಣಕ್ಕೆ ನಡೆದುಹೋಗಲು ಮಾತ್ರ ಪಾದಚಾರಿ ಮಾರ್ಗವಿಲ್ಲ. ಮೇಲ್ಸೇತುವೆ ಬೇಡುವ ನಾವು ಮೊದಲು ಬೇಡಬೇಕಾದದ್ದು ಕಾಲುದಾರಿ ಮತ್ತು ನಿಲ್ದಾಣದವರೆಗಿನ ಬಸ್ಸು. ಅಗತ್ಯ ಬಿದ್ದರೆ ಕಾಂಪೌಂಡನ್ನು ಐದಡಿ ಹಿಂದಕ್ಕೆ ಸರಿಸಿಕೊಳ್ಳಲೂ ಸಿದ್ಧರಿರಬೇಕು.

ಮೂರನೆಯದು ನಮ್ಮ ಕೈಯಲ್ಲೇ ಇರುವಂಥದ್ದು. ಶೆಡ್ಡುಗಳ ಜನರಿಗಾಗಿ ಗೇಟಿನ ಹೊರಬದಿಯಲ್ಲಿ ಕುಡಿಯುವ ನೀರಿನ ಒಂದು ನಲ್ಲಿ ಹಾಕಿಸಬೇಕೆಂದು ನಾನು ಸಂಘದ ಸಭೆಯಲ್ಲಿ ಪ್ರಸ್ತಾಪಿಸಿದ್ದೆ. ನಿರ್ವಹಣಾ ಶುಲ್ಕ ಇರುವುದು ಆವರಣದ ಒಳಗಿನ ಖರ್ಚಿಗೆ ಎಂದು ಒಬ್ಬರು ನೆನಪಿಸಿದರು. ಹೊರಗಿನವರು ಗುಂಪುಗೂಡಿದರೆ ಭದ್ರತೆಯ ಗತಿಯೇನೆಂದು ಇನ್ನೊಬ್ಬರು ಕೇಳಿದರು. ಪ್ರತಿದಿನ ನಮ್ಮ ಅಡುಗೆಮನೆಯಲ್ಲಿ ನಿಲ್ಲುವ, ನಮ್ಮ ಮಕ್ಕಳಿಗೆ ಉಣಿಸುವ ಆ ಹೊರಗಿನವರು ಯಾರು ಎಂದು ಯಾರೂ ಕೇಳಲಿಲ್ಲ. ಪ್ರಸ್ತಾವವನ್ನು ‘ಪರಿಶೀಲನೆಗೆ’ ಕಾದಿರಿಸಲಾಯಿತು. ಆ ಪದದ ಅರ್ಥವನ್ನು ನನ್ನಷ್ಟು ಚೆನ್ನಾಗಿ ಬಲ್ಲವರು ಆ ಸಭೆಯಲ್ಲಿ ಇನ್ನಾರೂ ಇರಲಾರರು. ಎಷ್ಟೋ ಕಡತಗಳ ಮೇಲೆ ನಾನೇ ಅದನ್ನು ಬರೆದಿದ್ದೇನೆ. ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಅದೇ ವಿಷಯವನ್ನು ಮತ್ತೆ ಸೇರಿಸುವಂತೆ ಕಾರ್ಯದರ್ಶಿಗಳಿಗೆ ಪತ್ರ ಕೊಟ್ಟಿದ್ದೇನೆ. ಬೆಂಚಿನ ಗೆಳೆಯರಲ್ಲಿ ಕಾನ್ಪುರದವರೊಬ್ಬರು ಮತ್ತು ದಾವಣಗೆರೆಯವರಿಬ್ಬರು ಅದಕ್ಕೆ ಸಹಿ ಹಾಕಿದ್ದಾರೆ.